48 ಗಂಟೆಯ ಆದೇಶ

ಅಮೆರಿಕದ ಅಟ್ಲಾಂಟಾ ನಗರದಲ್ಲಿ 1899ರಲ್ಲಿ ಕೇಟರ್ ಮತ್ತು ಗೈ ವುಲ್ಫರ್ಡ್ ಎಂಬ ಅಣ್ಣತಮ್ಮಂದಿರು ಒಂದು ಕಸುಬು ಶುರುಮಾಡಿದರು. ಊರಿನಲ್ಲಿ ಯಾರು ಸಾಲವನ್ನು ಸಕಾಲಕ್ಕೆ ತೀರಿಸುತ್ತಾರೆ, ಯಾರು ಕೈಯೆತ್ತುತ್ತಾರೆ ಎಂದು ವಿಚಾರಿಸಿ ಬರೆದಿಟ್ಟು, ಆ ಪಟ್ಟಿಯನ್ನು ವ್ಯಾಪಾರಿಗಳಿಗೆ ಮಾರುವ ಕಸುಬು. ಆ ಕಂಪನಿಯೇ 1975ರಲ್ಲಿ ಹೆಸರು ಬದಲಿಸಿಕೊಂಡು ಈಕ್ವಿಫ್ಯಾಕ್ಸ್ ಆಯಿತು. ಸಾಲ ಕೇಳಲು ಬ್ಯಾಂಕಿಗೆ ಹೋದರೆ ನಮ್ಮಲ್ಲಿ ‘ಸಿಬಿಲ್ ಸ್ಕೋರ್ ಎಷ್ಟಿದೆ’ ಎನ್ನುತ್ತಾರಲ್ಲ, ಅಂಥ ಅಂಕಕ್ಕೆ ಬೇಕಾದ ಮಾಹಿತಿಯನ್ನು ಕೂಡಿಡುವ ಅಮೆರಿಕದ ಮೂರು ದೊಡ್ಡ ಸಂಸ್ಥೆಗಳಲ್ಲಿ ಇದೂ ಒಂದು. ಭಾರತದಲ್ಲಿಯೂ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಇದೇ ಕೆಲಸ ಮಾಡುತ್ತಿದೆ. ಅದರ ಕಡತದಲ್ಲಿರುವ ಹೆಚ್ಚಿನವರು ಅದರ ಗ್ರಾಹಕರಲ್ಲ. ನನ್ನ ಹೆಸರು, ವಿಳಾಸ, ಸಾಲದ ಲೆಕ್ಕ ನಿಮ್ಮಲ್ಲಿರಲಿ ಎಂದು ಅವರು ಯಾವತ್ತೂ ಕೇಳಿಕೊಂಡವರಲ್ಲ. ಅದರ ಗ್ರಾಹಕರು ಬ್ಯಾಂಕುಗಳು. ಮಾಲೀಕರು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಅದರ ಷೇರು ಕೊಂಡವರು.

2017ರಲ್ಲಿ ಈ ಕಂಪನಿಯಿಂದ ಸುಮಾರು 14.8 ಕೋಟಿ ಜನರ ಮಾಹಿತಿ ಕಳುವಾಯಿತು. ಕಳವು ಹೇಗಾಯಿತೆಂಬುದನ್ನು ಅಮೆರಿಕದ ಸಂಸತ್ತಿನ ಎರಡೂ ಸದನಗಳ ಸಮಿತಿಗಳು ಬಿಡಿಬಿಡಿಯಾಗಿ ತನಿಖೆ ಮಾಡಿ ದೊಡ್ಡ ವರದಿಗಳನ್ನೇ ಪ್ರಕಟಿಸಿವೆ. ಒಂದು ದೊಡ್ಡ ಕಂಪನಿಯ ಒಳಗಿನ ಮಿಂಚಂಚೆಗಳು, ಸಭೆಯ ಟಿಪ್ಪಣಿಗಳು, ಯಾರು ಯಾರಿಗೆ ಉತ್ತರದಾಯಿ ಎಂಬ ನಕ್ಷೆ ಎಲ್ಲವೂ ಇಷ್ಟು ಬಿಚ್ಚಿ ಹರಡಿಕೊಂಡಿರುವ ಪ್ರಕರಣ ಅಪರೂಪ. ಷೇರುಪೇಟೆಯ ಕಂಪನಿಯೊಂದು ಸೈಬರ್ ಅಪಾಯವನ್ನು ಹೇಗೆ ನಿಭಾಯಿಸುತ್ತದೆ, ಅದರ ಮೇಲೆ ನಿಗಾ ಇಡುವವರು ನಿಜಕ್ಕೂ ಏನು ಮಾಡಬೇಕು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ದೋಷ ಇದ್ದದ್ದು ಅಪಾಚೆ ಸ್ಟ್ರಟ್ಸ್ ಎಂಬ ಉಚಿತ ತಂತ್ರಾಂಶದಲ್ಲಿ. ಜಾಲತಾಣಗಳನ್ನು ಕಟ್ಟುವವರು ಬಳಸುವ ಸಿದ್ಧ ಚೌಕಟ್ಟು ಇದು. ಜಗತ್ತಿನ ಎಷ್ಟೋ ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು ಇದರ ಮೇಲೆ ತಮ್ಮ ಜಾಲತಾಣ ನಿಲ್ಲಿಸಿಕೊಂಡಿದ್ದವು. ನಾವು ಜಾಲತಾಣಕ್ಕೆ ಒಂದು ಕಡತ ಕಳಿಸುವಾಗ ನಮ್ಮ ಬ್ರೌಸರ್ ಅದರ ಜೊತೆಗೆ ‘ಇದು ಇಂಥ ಬಗೆಯ ಕಡತ’ ಎಂಬ ಒಂದು ಸಾಲನ್ನೂ ಕಳಿಸುತ್ತದೆ. ಆ ಸಾಲು ಅರ್ಥವಾಗದೆ ಹೋದರೆ ಸ್ಟ್ರಟ್ಸ್ ಒಂದು ದೋಷಸಂದೇಶ ತಯಾರಿಸುತ್ತಿತ್ತು. ತಯಾರಿಸುವಾಗ ಅರ್ಥವಾಗದ ಆ ಸಾಲನ್ನೇ ಎತ್ತಿಕೊಂಡು, ಅದರಲ್ಲಿ ಯಾವುದಾದರೂ ಸೂತ್ರ ಅಡಗಿದ್ದರೆ ಅದನ್ನು ಬಿಡಿಸಲು ಹೋಗುತ್ತಿತ್ತು. ಅಂದರೆ ಕಡತದ ಬಗೆ ಬರೆಯಬೇಕಾದ ಜಾಗದಲ್ಲಿ ಯಾರಾದರೂ ಒಂದು ಆಜ್ಞೆಯನ್ನು ಬರೆದು ಕಳಿಸಿದರೆ ಸರ್ವರ್ ಅದನ್ನು ಪಾಲಿಸುತ್ತಿತ್ತು. ಪಾಸ್‌ವರ್ಡ್ ಬೇಕಿಲ್ಲ, ಒಳಗಿನವರ ಸಹಾಯ ಬೇಕಿಲ್ಲ. ದೋಷಗಳ ತೀವ್ರತೆಗೆ ಅಂಕ ಕೊಡುವ ಪದ್ಧತಿಯೊಂದಿದೆ. ಅದರಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಸಿಕ್ಕಿತು.

2017ರ ಮಾರ್ಚ್ 7ರಂದು ಈ ದೋಷ ಬಹಿರಂಗವಾಯಿತು. ಅದನ್ನು ಸರಿಪಡಿಸುವ ಪ್ಯಾಚ್ ಕೂಡ ಅದರ ಜೊತೆಗೇ ಬಂತು. ಮರುದಿನ ಅಮೆರಿಕ ಸರ್ಕಾರದ ಸೈಬರ್ ತುರ್ತು ಪಡೆ ಎಲ್ಲರಿಗೂ ಎಚ್ಚರಿಕೆ ಕಳಿಸಿತು. ಮಾರ್ಚ್ 9ರಂದು ಈಕ್ವಿಫ್ಯಾಕ್ಸ್‌ನ ಭದ್ರತಾ ತಂಡ ಕಂಪನಿಯೊಳಗಿನ 400ಕ್ಕೂ ಹೆಚ್ಚು ಜನರಿಗೆ ಮಿಂಚಂಚೆ ಬರೆದು, ಸ್ಟ್ರಟ್ಸ್ ಬಳಸುತ್ತಿರುವವರು 48 ಗಂಟೆಗಳೊಳಗೆ ಪ್ಯಾಚ್ ಹಾಕಬೇಕೆಂದು ಆದೇಶಿಸಿತು. ಇಲ್ಲಿಯವರೆಗೆ ಯಾರೂ ತಡಮಾಡಿಲ್ಲ, ಯಾರೂ ಉದಾಸೀನ ತೋರಿಲ್ಲ. ಲಿಖಿತ ನಿಯಮ ಇತ್ತು, ನಿಯಮದ ಪ್ರಕಾರ ಆದೇಶವೂ ಹೊರಟಿತು.

ಮಾರ್ಚ್ 10ರಂದು ಹೊರಗಿನ ಯಾರೋ ಕಂಪನಿಯ ಒಂದು ಸರ್ವರ್‌ಗೆ ‘ನಾನು ಯಾರಾಗಿ ಒಳಗಿದ್ದೇನೆ’ ಎಂದು ಕೇಳುವ ಪುಟ್ಟ ಆಜ್ಞೆಯೊಂದನ್ನು ಕಳಿಸಿ, ಉತ್ತರ ಪಡೆದರು. ಬಾಗಿಲು ತೆರೆದಿದೆಯೆಂದು ಖಚಿತವಾಯಿತು.

ಆ ಬಾಗಿಲು ಎಲ್ಲಿತ್ತು? ತಮ್ಮ ಸಾಲದ ಲೆಕ್ಕದಲ್ಲಿ ತಪ್ಪಿದೆಯೆಂದು ಜನ ತಕರಾರು ಸಲ್ಲಿಸುವ ಜಾಲತಾಣದಲ್ಲಿ. ಅದರ ಮೂಲ ವ್ಯವಸ್ಥೆ 1970ರ ದಶಕದ್ದು. ಅದರ ಮೇಲೆ ಕಾಲಕಾಲಕ್ಕೆ ಹೊಸದನ್ನು ಪೇರಿಸುತ್ತಾ ಬಂದಿದ್ದರು. ಅದು ಸ್ಟ್ರಟ್ಸ್ ಬಳಸುತ್ತದೆಂದು ಗೊತ್ತಿದ್ದ ಪ್ರೋಗ್ರಾಮರ್‌ನ ಹೆಸರು ಆ ನಾನೂರು ಜನರ ಪಟ್ಟಿಯಲ್ಲಿ ಇರಲಿಲ್ಲ. ಅವನ ಮೇಲಧಿಕಾರಿಯ ಹೆಸರಿತ್ತು. ಮಿಂಚಂಚೆ ಅವರಿಗೆ ತಲುಪಿತು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಮಾರ್ಚ್ 15ರಂದು ಭದ್ರತಾ ತಂಡ ಕಂಪನಿಯ ಜಾಲವನ್ನು ಸ್ಕ್ಯಾನ್ ಮಾಡಿತು. ದೋಷವಿರುವ ತಂತ್ರಾಂಶ ಸರ್ವರ್‌ನ ಒಳಫೋಲ್ಡರ್ ಒಂದರಲ್ಲಿತ್ತು. ಸ್ಕ್ಯಾನರ್ ಅಷ್ಟು ಒಳಕ್ಕೆ ಇಳಿದು ನೋಡಲಿಲ್ಲ. ಏನೂ ಸಿಗಲಿಲ್ಲವೆಂಬ ಫಲಿತಾಂಶ ಬಂತು. ಏನೂ ಇಲ್ಲವೆಂದು ಅದನ್ನು ಓದಿಕೊಂಡರು.

ಮೇ 13ರಂದು ಕನ್ನ ಹಾಕಿದವರು ಕೆಲಸ ಶುರುಮಾಡಿದರು. ಮತ್ತೆ ಮತ್ತೆ ಒಳಬರಲು ಅನುಕೂಲವಾಗುವಂತೆ ಸುಮಾರು 30 ಗುಪ್ತ ಕಿಂಡಿಗಳನ್ನು ನೆಟ್ಟರು. ಒಳಗೆ ಒಂದು ಕಡತದಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳು ಗೂಢಲಿಪಿಯ ಮರೆಯೂ ಇಲ್ಲದೆ ಬರೆದಿಟ್ಟಿದ್ದವು. ತಕರಾರು ಜಾಲತಾಣಕ್ಕೆ ಬೇಕಾಗಿದ್ದದ್ದು ಮೂರು ದತ್ತಸಂಚಯಗಳು ಮಾತ್ರ. ಆದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡುವೆ ಗೋಡೆ ಕಟ್ಟಿರಲಿಲ್ಲವಾದ್ದರಿಂದ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೂ 48 ದತ್ತಸಂಚಯಗಳು ಅವರ ಕೈಗೆ ಸಿಕ್ಕವು. ಸುಮಾರು 9,000 ಸಲ ಪ್ರಶ್ನೆ ಹಾಕಿದರು. 265 ಸಲ ಜನರ ಖಾಸಗಿ ಮಾಹಿತಿ ಹಿಡಿಹಿಡಿಯಾಗಿ ಹೊರಬಂತು. ಹೆಸರು, ಹುಟ್ಟಿದ ದಿನ, ವಿಳಾಸ, ಜೊತೆಗೆ ಅಮೆರಿಕನ್ನರ ಬದುಕಿನ ಎಲ್ಲ ಹಣಕಾಸು ವ್ಯವಹಾರಕ್ಕೂ ಬೇಕಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ.

ಹೀಗೆ 76 ದಿನ ನಡೆಯಿತು. ಯಾರಿಗೂ ಕಾಣದಿರಲು ಕಾರಣವಿದೆ. ಈಗ ಅಂತರಜಾಲದಲ್ಲಿ ಓಡಾಡುವ ಮಾಹಿತಿಯಲ್ಲಿ ಹೆಚ್ಚಿನದು ಮುದ್ರೆಯೊತ್ತಿದ ಲಕೋಟೆಯೊಳಗೇ ಹೋಗುವುದು. ಆ ಲಕೋಟೆಯಲ್ಲಿ ಕಳ್ಳಮಾಲು ಹೋಗುತ್ತಿದೆಯೇ ಎಂದು ನೋಡಬೇಕಾದರೆ ಕಂಪನಿ ತನ್ನ ಗಡಿಯಲ್ಲಿ ಒಂದು ತಪಾಸಣಾ ಯಂತ್ರ ಇಟ್ಟು, ಲಕೋಟೆ ಬಿಚ್ಚಿ ನೋಡಿ, ಮತ್ತೆ ಮುಚ್ಚಿ ಕಳಿಸಬೇಕು. ಬಿಚ್ಚುವ ಅಧಿಕಾರ ಆ ಯಂತ್ರಕ್ಕೆ ಬರುವುದು ಡಿಜಿಟಲ್ ಸರ್ಟಿಫಿಕೇಟಿನಿಂದ. ಸರ್ಟಿಫಿಕೇಟಿಗೆ ಅವಧಿ ಇರುತ್ತದೆ. ಈಕ್ವಿಫ್ಯಾಕ್ಸ್‌ನಲ್ಲಿ ಈ ಯಂತ್ರದ ಸರ್ಟಿಫಿಕೇಟಿನ ಅವಧಿ 19 ತಿಂಗಳ ಹಿಂದೆಯೇ ಮುಗಿದಿತ್ತು. ಅವಧಿ ಮುಗಿದ ಮೇಲೂ ಯಂತ್ರ ನಿಲ್ಲಲಿಲ್ಲ, ದಾರಿಯನ್ನೂ ತಡೆಯಲಿಲ್ಲ. ಬಿಚ್ಚದೆಯೇ ಎಲ್ಲವನ್ನೂ ಬಿಡುತ್ತಾ ಹೋಯಿತು. ಕಂಪನಿಯಲ್ಲಿ ಹೀಗೆ ಅವಧಿ ಮುಗಿದ ಸರ್ಟಿಫಿಕೇಟುಗಳು 300ಕ್ಕೂ ಹೆಚ್ಚಿದ್ದವು.

ಜುಲೈ 29, ಶನಿವಾರ ರಾತ್ರಿ ಹೊಸ ಸರ್ಟಿಫಿಕೇಟು ಹಾಕಿದರು. ಹಾಕಿದ ಕೂಡಲೇ ಚೀನಾದ ವಿಳಾಸವೊಂದರ ಜೊತೆಗೆ ನಡೆಯುತ್ತಿದ್ದ ಅನುಮಾನಾಸ್ಪದ ವ್ಯವಹಾರ ಕಣ್ಣಿಗೆ ಬಿತ್ತು. ಮರುದಿನ ಮಧ್ಯಾಹ್ನ ತಕರಾರು ಜಾಲತಾಣವನ್ನೇ ನಿಲ್ಲಿಸಿದರು. ಕನ್ನ ಹಾಕಿದ ಆರೋಪದ ಮೇಲೆ ಅಮೆರಿಕದ ನ್ಯಾಯ ಇಲಾಖೆ 2020ರ ಫೆಬ್ರುವರಿಯಲ್ಲಿ ಚೀನಾ ಸೇನೆಯ ನಾಲ್ವರ ವಿರುದ್ಧ ದೋಷಾರೋಪ ಪಟ್ಟಿ ಸಲ್ಲಿಸಿತು.

ಅಕ್ಟೋಬರ್ 3ರಂದು ಸಂಸತ್ ಸಮಿತಿಯ ಮುಂದೆ ಬಂದ ರಿಚರ್ಡ್ ಸ್ಮಿತ್ ಅಷ್ಟರಲ್ಲಾಗಲೇ ಕಂಪನಿಯ ಮುಖ್ಯಸ್ಥನ ಹುದ್ದೆ ತೊರೆದಿದ್ದರು. ಅವರು ಕೊಟ್ಟ ವಿವರಣೆ ಹೀಗಿತ್ತು: ಪ್ಯಾಚ್ ಹಾಕುವ ಸುದ್ದಿಯನ್ನು ಮುಟ್ಟಿಸಬೇಕಾದ ಒಬ್ಬ ವ್ಯಕ್ತಿ ಮುಟ್ಟಿಸಲಿಲ್ಲ, ಸ್ಕ್ಯಾನರ್ ದೋಷವನ್ನು ಹಿಡಿಯಲಿಲ್ಲ. ಒಂದು ಮನುಷ್ಯನ ತಪ್ಪು, ಒಂದು ಯಂತ್ರದ ತಪ್ಪು. ಹಿಂದಿನ ದಿನವಷ್ಟೇ ಆ ಮಿಂಚಂಚೆಯನ್ನು ಮುಂದಕ್ಕೆ ಕಳಿಸದ ಹಿರಿಯ ಅಧಿಕಾರಿಯೊಬ್ಬರನ್ನು ಕಂಪನಿ ಕೆಲಸದಿಂದ ತೆಗೆದಿತ್ತು.

ಈ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಹದಿನಾಲ್ಕೂವರೆ ಕೋಟಿಗೂ ಮೀರಿದ ಜನರ ರಕ್ಷಣೆ ಒಬ್ಬರು ಒಂದು ಮಿಂಚಂಚೆಯನ್ನು ಮುಂದಕ್ಕೆ ಕಳಿಸುವುದರ ಮೇಲೆ ನಿಂತಿತ್ತು ಎಂದರೆ, ತಪ್ಪು ಆ ಒಬ್ಬರದಲ್ಲ. ಅಂಥ ಏರ್ಪಾಡನ್ನು ವರ್ಷಗಟ್ಟಲೆ ನಡೆಯಗೊಟ್ಟವರದು. ನಡೆಯುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. 2015ರಲ್ಲೇ ಕಂಪನಿಯ ಆಂತರಿಕ ಆಡಿಟ್ ತಂಡ ಪ್ಯಾಚ್ ಹಾಕುವ ಪದ್ಧತಿಯನ್ನು ಪರಿಶೀಲಿಸಿತ್ತು. ಗೊತ್ತಿದ್ದೂ 90 ದಿನಕ್ಕಿಂತ ಹೆಚ್ಚು ಕಾಲ ಸರಿಪಡಿಸದೆ ಬಿಟ್ಟ 8,500ಕ್ಕೂ ಹೆಚ್ಚು ದೋಷಗಳು ಅದಕ್ಕೆ ಸಿಕ್ಕಿದ್ದವು. ಕಂಪನಿಯಲ್ಲಿ ಎಷ್ಟು ಯಂತ್ರಗಳಿವೆ, ಯಾವುದರಲ್ಲಿ ಯಾವ ತಂತ್ರಾಂಶವಿದೆ ಎಂಬ ಪೂರ್ಣ ಪಟ್ಟಿಯೇ ಇಲ್ಲವೆಂದು ಅದು ಬರೆದಿತ್ತು. ಪ್ಯಾಚ್ ಹಾಕಿದೆವು ಎಂದು ಆಯಾ ತಂಡದವರು ಹೇಳಿದರೆ ಅದನ್ನು ನಂಬುವ ರೂಢಿಯಿದೆ, ಪರೀಕ್ಷಿಸುವ ರೂಢಿ ಇಲ್ಲ ಎಂದೂ ಹೇಳಿತ್ತು. ಆ ವರದಿ ಹೇಳಿದ್ದೆಲ್ಲ ಸರಿಯಾಯಿತೇ ಎಂದು ನೋಡುವ ಎರಡನೆಯ ಆಡಿಟ್ ನಡೆಯಲೇ ಇಲ್ಲ.

ಎರಡು ವರ್ಷಗಳ ನಂತರ ಕಳ್ಳರು ಬಂದದ್ದು ಈ ಲೋಪಗಳ ಮೂಲಕವೇ. ಪಟ್ಟಿ ಇರಲಿಲ್ಲವಾದ್ದರಿಂದ ಮಿಂಚಂಚೆ ಯಾರಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ. ಪರೀಕ್ಷಿಸುವ ರೂಢಿ ಇರಲಿಲ್ಲವಾದ್ದರಿಂದ 48 ಗಂಟೆ ಕಳೆದ ಮೇಲೆ ಯಾರೂ ಕೇಳಲಿಲ್ಲ.

ಅಪಾಯದ ನಿರ್ವಹಣೆ ಎಂದರೆ ಬಹಳ ಮಂದಿಯ ಮನಸ್ಸಿಗೆ ಬರುವುದು ನಿಯಮಾವಳಿ, ತಂತ್ರಾಂಶ, ಖರ್ಚು. ಈಕ್ವಿಫ್ಯಾಕ್ಸ್‌ನಲ್ಲಿ ಇವು ಮೂರೂ ಇದ್ದವು. ಇರದಿದ್ದದ್ದು ಎರಡು ದಾರಿಗಳು: ಕೆಳಗಿನವರಿಗೆ ತಿಳಿದದ್ದು ಮೇಲಕ್ಕೆ ಹೋಗುವ ದಾರಿ, ಮೇಲಿನಿಂದ ಹೊರಟ ಆದೇಶ ಪಾಲನೆಯಾಯಿತೆಂಬ ಸಾಕ್ಷಿ ಹಿಂದಿರುಗುವ ದಾರಿ. ಭದ್ರತೆಯ ಮುಖ್ಯಸ್ಥೆ ವರದಿ ಮಾಡುತ್ತಿದ್ದದ್ದು ಕಾನೂನು ವಿಭಾಗದ ಮುಖ್ಯಸ್ಥರಿಗೆ. ಬಹಳ ವರ್ಷಗಳ ಹಿಂದೆ ಭದ್ರತೆ ಮತ್ತು ಮಾಹಿತಿ ತಂತ್ರಜ್ಞಾನದ ಅಂದಿನ ಮುಖ್ಯಸ್ಥರಿಬ್ಬರಿಗೆ ಹೊಂದಿಕೆಯಾಗಲಿಲ್ಲವೆಂದು ಮಾಡಿಕೊಂಡ ಏರ್ಪಾಡು ಅದು. ಆ ಇಬ್ಬರೂ ಹೋದ ಮೇಲೂ ಏರ್ಪಾಡು ಉಳಿಯಿತು. ಯಂತ್ರಗಳು ಒಬ್ಬರ ಕೈಯಲ್ಲಿ, ಯಂತ್ರಗಳನ್ನು ಕಾಯುವ ಹೊಣೆ ಇನ್ನೊಬ್ಬರ ಕೈಯಲ್ಲಿ. ನಡುವೆ ಮಾತುಕತೆ ಕಡಿಮೆ. ಭದ್ರತೆಯ ಮುಖ್ಯಸ್ಥೆಯನ್ನು ಕಂಪನಿಯ ಹಿರಿಯ ನಾಯಕರ ಬಳಗದಲ್ಲಿ ಎಣಿಸುತ್ತಲೇ ಇರಲಿಲ್ಲ.

ಇನ್ನು ನಿರ್ದೇಶಕ ಮಂಡಳಿ. ಷೇರುಪೇಟೆಯ ಕಂಪನಿಯ ಮಾಲೀಕರು ಲಕ್ಷಾಂತರ ಮಂದಿ, ಊರೂರುಗಳಲ್ಲಿ ಚದುರಿಹೋದವರು. ಅವರ ಪರವಾಗಿ ಆಡಳಿತದ ಮೇಲೆ ಕಣ್ಣಿಡಲು ಚುನಾಯಿತರಾದ ಹತ್ತು ಹನ್ನೆರಡು ಮಂದಿಯೇ ಮಂಡಳಿ. ಅವರಲ್ಲಿ ಹೆಚ್ಚಿನವರು ಬೇರೆ ಕಡೆ ಉದ್ಯೋಗದಲ್ಲಿರುವವರು ಅಥವಾ ನಿವೃತ್ತರು. ವರ್ಷಕ್ಕೆ ಕೆಲವು ಸಲ ಸೇರುತ್ತಾರೆ. ಈಕ್ವಿಫ್ಯಾಕ್ಸ್‌ನ ಮಂಡಳಿಗೆ ತಂತ್ರಜ್ಞಾನಕ್ಕೆಂದೇ ಒಂದು ಉಪಸಮಿತಿಯೂ ಇತ್ತು. ಕನ್ನದ ಸುದ್ದಿ ಮುಖ್ಯಸ್ಥ ಸ್ಮಿತ್‌ಗೆ ತಲುಪಿದ್ದು ಜುಲೈ 31ಕ್ಕೆ. ಮಂಡಳಿಯ ಪ್ರಮುಖ ನಿರ್ದೇಶಕರಿಗೆ ಅವರು ತಿಳಿಸಿದ್ದು ಆಗಸ್ಟ್ 22ಕ್ಕೆ. ಇಡೀ ಮಂಡಳಿಗೆ ಗೊತ್ತಾದದ್ದು ಆಗಸ್ಟ್ 24 ಮತ್ತು 25ರ ಮಾತುಕತೆಗಳಲ್ಲಿ. ಮೂರು ವಾರ ನಿಗಾ ಇಡಬೇಕಾದವರಿಗೇ ನಿಗಾ ಇಡಲು ಏನಿದೆಯೆಂದು ಗೊತ್ತಿರಲಿಲ್ಲ.

ತಂತ್ರಜ್ಞಾನ ಗೊತ್ತಿಲ್ಲದ ನಿರ್ದೇಶಕರು ಏನು ತಾನೇ ಮಾಡಿಯಾರು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಐಸ್‌ಕ್ರೀಮಿನ ಮೊಕದ್ದಮೆಯೊಂದನ್ನು ನೋಡುವುದು ಒಳ್ಳೆಯದು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ನೋಂದಣಿಯಾಗಿರುವುದು ಡೆಲಾವೇರ್ ಎಂಬ ಪುಟ್ಟ ರಾಜ್ಯದಲ್ಲಿ. ಹಾಗಾಗಿ ಅಲ್ಲಿನ ನ್ಯಾಯಾಲಯದ ಮಾತಿಗೆ ದೊಡ್ಡ ತೂಕ. ನಿರ್ದೇಶಕರು ಕಂಪನಿಯೊಳಗಿನ ಸುದ್ದಿ ತಮಗೆ ತಲುಪುವ ಏರ್ಪಾಡು ಮಾಡಿಕೊಳ್ಳಲೇಬೇಕೆಂದು ಕೇರ್‌ಮಾರ್ಕ್ ಪ್ರಕರಣದಲ್ಲಿ 1996ರಲ್ಲೇ ಅಲ್ಲಿ ತೀರ್ಮಾನವಾಗಿತ್ತು. ಬ್ಲೂ ಬೆಲ್ ಕಂಪನಿಯ ಐಸ್‌ಕ್ರೀಮಿನಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಸೇರಿ ಮೂವರು ಸತ್ತ ಮೇಲೆ, 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದೇ ತತ್ವವನ್ನು ಬಿಗಿಮಾಡಿತು. ಐಸ್‌ಕ್ರೀಮ್ ಒಂದನ್ನೇ ಮಾಡುವ ಕಂಪನಿಗೆ ಆಹಾರದ ಶುದ್ಧಿಗಿಂತ ಮುಖ್ಯವಾದದ್ದು ಇನ್ನೇನಿದೆ? ಆದರೂ ಅದರ ಬಗ್ಗೆ ಮಂಡಳಿಗೆ ನಿಯಮಿತವಾಗಿ ವರದಿ ಬರುವ ಏರ್ಪಾಡೇ ಇರಲಿಲ್ಲ. ನಿರ್ದೇಶಕರು ಸೂಕ್ಷ್ಮಜೀವಿಶಾಸ್ತ್ರ ಕಲಿತಿರಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಕಾರ್ಖಾನೆಯೊಳಗಿನ ಕೆಟ್ಟ ಸುದ್ದಿ ತಮ್ಮ ಮೇಜಿಗೆ ಬರುವ ಹಾಗೆ ಅವರು ನೋಡಿಕೊಂಡಿರಬೇಕಿತ್ತು ಎಂದಿತು. ಜನರ ಮಾಹಿತಿಯನ್ನೇ ಮಾರಿ ಬದುಕುವ ಕಂಪನಿಗೆ ಮಾಹಿತಿಯ ಭದ್ರತೆಯೂ ಅಂಥದೇ ವಿಷಯ ಎಂದು ನನಗನ್ನಿಸುತ್ತದೆ.

ವರದಿ ಬಂದ ಮಾತ್ರಕ್ಕೆ ಆಗಿಹೋಗಲಿಲ್ಲ, ಅದನ್ನು ಓದಲು ಬರಬೇಕು. ‘ನಮ್ಮ ಯಂತ್ರಗಳಲ್ಲಿ ಶೇ 99ಕ್ಕೆ ಪ್ಯಾಚ್ ಹಾಕಿಯಾಗಿದೆ’ ಎಂಬ ಒಂದು ಸಾಲು ಮಂಡಳಿಯ ಮುಂದೆ ಬಂತೆಂದು ಇಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಹತ್ತು ಸಾವಿರ ಯಂತ್ರಗಳಿದ್ದರೆ ಉಳಿದದ್ದು ನೂರು. ಆ ನೂರು ಊಟದ ಮನೆಯ ಮೆನು ತೋರಿಸುವ ಪರದೆಗಳೇ, ಅಥವಾ ಹೊರಜಗತ್ತಿಗೆ ತೆರೆದುಕೊಂಡು ಒಳಗಿನ ದತ್ತಸಂಚಯಕ್ಕೆ ತಂತು ಬಿಟ್ಟುಕೊಂಡ ಸರ್ವರ್‌ಗಳೇ? ಕನ್ನ ಹಾಕುವವನಿಗೆ ಒಂದೇ ಸಾಕು. ಸರಾಸರಿ ಎನ್ನುವುದು ರಕ್ಷಿಸುವವರ ಲೆಕ್ಕ. ದಾಳಿ ಮಾಡುವವನು ಹುಡುಕುವುದು ಅತ್ಯಂತ ದುರ್ಬಲವಾದದ್ದನ್ನು. ಇದಕ್ಕಿಂತಲೂ ಆಳವಾದ ತೊಂದರೆ ಭಿನ್ನರಾಶಿಯ ಛೇದದಲ್ಲಿದೆ. ಶೇ 99 ಎಂದರೆ ಯಾವುದರ ಶೇ 99? ಪಟ್ಟಿಯಲ್ಲಿರುವ ಯಂತ್ರಗಳದ್ದು. ಪಟ್ಟಿಗೇ ಬಾರದ ಯಂತ್ರ ಅಂಶದಲ್ಲೂ ಇಲ್ಲ, ಛೇದದಲ್ಲೂ ಇಲ್ಲ. ಅದು ಇಲ್ಲದಿರುವುದರಿಂದಲೇ ಶೇಕಡಾವಾರು ಇನ್ನೂ ಅಂದವಾಗಿ ಕಾಣುತ್ತದೆ. ಈಕ್ವಿಫ್ಯಾಕ್ಸ್‌ನಂತೆ ಪೂರ್ಣ ಪಟ್ಟಿಯೇ ಇಲ್ಲದ ಕಂಪನಿಯಲ್ಲಿ ಯಾವ ಶೇಕಡಾ ಲೆಕ್ಕಕ್ಕೂ ಅರ್ಥವಿಲ್ಲ. ‘ನಮಗೆ ಗೊತ್ತಿಲ್ಲದ ಯಂತ್ರಗಳನ್ನು ಹುಡುಕಲು ನೀವು ಏನು ಮಾಡುತ್ತೀರಿ, ಹೋದ ತಿಂಗಳು ಎಷ್ಟು ಸಿಕ್ಕವು’ ಎಂದು ಕೇಳಲು ನಿರ್ದೇಶಕರಿಗೆ ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ.

ಮಂಡಳಿಗಳ ಮುಂದೆ ಬರುವ ಇನ್ನೊಂದು ಚಿತ್ರ ಕೆಂಪು, ಹಳದಿ, ಹಸಿರು ಚೌಕಗಳ ನಕ್ಷೆ. ಒಂದು ಬದಿಯಲ್ಲಿ ಅಪಾಯ ಸಂಭವಿಸುವ ಸಾಧ್ಯತೆ, ಇನ್ನೊಂದು ಬದಿಯಲ್ಲಿ ಸಂಭವಿಸಿದರೆ ಆಗುವ ಹಾನಿ. ಎರಡನ್ನೂ ಗುಣಿಸಿ ಬಣ್ಣ ಕೊಡುತ್ತಾರೆ. ಪ್ರತಿವರ್ಷ ತಪ್ಪದೆ 10 ಕೋಟಿ ರೂಪಾಯಿ ನಷ್ಟ ಮಾಡುವ ಸಣ್ಣಪುಟ್ಟ ವಂಚನೆಗಳು ಒಂದು ಕಡೆ. ನೂರು ವರ್ಷಕ್ಕೊಮ್ಮೆ ಆಗಬಹುದಾದ, ಆದರೆ ಆದ ದಿನ 1,000 ಕೋಟಿ ನುಂಗುವ ಕನ್ನ ಇನ್ನೊಂದು ಕಡೆ. ಗುಣಿಸಿದರೆ ಎರಡೂ ವರ್ಷಕ್ಕೆ 10 ಕೋಟಿ, ಎರಡಕ್ಕೂ ಒಂದೇ ಬಣ್ಣ. ಮೊದಲನೆಯದನ್ನು ಕಂಪನಿ ಖರ್ಚಿನ ಲೆಕ್ಕಕ್ಕೆ ಬರೆದುಕೊಂಡು ಬದುಕಬಲ್ಲದು, ಎರಡನೆಯದು ಕಂಪನಿಯನ್ನೇ ಮುಳುಗಿಸಬಲ್ಲದು. ಹೀಗಾಗಿ ಈಚಿನ ವರ್ಷಗಳಲ್ಲಿ ಕೆಲವು ಕಂಪನಿಗಳು ವಿಮಾ ಗಣಿತಜ್ಞರ ದಾರಿ ಹಿಡಿದಿವೆ. ಒಂದೇ ಸಂಖ್ಯೆಯ ಬದಲು, ಸಾಧ್ಯತೆಗೂ ಹಾನಿಗೂ ಕನಿಷ್ಠ ಇಷ್ಟು ಗರಿಷ್ಠ ಇಷ್ಟು ಎಂಬ ಮಿತಿ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಹತ್ತು ಸಾವಿರ ಕಾಲ್ಪನಿಕ ವರ್ಷಗಳನ್ನು ಓಡಿಸಿ ನೋಡುವುದು. ಮಾಂಟೆ ಕಾರ್ಲೊ ವಿಧಾನ ಎನ್ನುತ್ತಾರೆ. ಹೆಚ್ಚಿನ ವರ್ಷಗಳಲ್ಲಿ ಏನೂ ಆಗುವುದಿಲ್ಲ. ಕೆಲವೇ ವರ್ಷಗಳಲ್ಲಿ ಆಗುವ ನಷ್ಟ ಭಯ ಹುಟ್ಟಿಸುವಷ್ಟು. ಮಂಡಳಿ ನೋಡಬೇಕಾದದ್ದು ಆ ಕೆಲವೇ ವರ್ಷಗಳನ್ನು: ಅಂಥ ವರ್ಷ ಬಂದರೆ ನಾವು ತಾಳಿಕೊಳ್ಳುತ್ತೇವೆಯೇ? ಎಷ್ಟಕ್ಕೆ ವಿಮೆ ಮಾಡಿಸಿದ್ದೇವೆ? ಈಕ್ವಿಫ್ಯಾಕ್ಸ್‌ಗೆ 12.5 ಕೋಟಿ ಡಾಲರಿನ ಸೈಬರ್ ವಿಮೆ ಇತ್ತು. 2019ರ ಹೊತ್ತಿಗೆ ಅದರ ಖರ್ಚು 100 ಕೋಟಿ ಡಾಲರ್ ದಾಟಿತ್ತು.

ಕಳವಾದ ಸುದ್ದಿಯನ್ನು ಕಂಪನಿ ಜಗತ್ತಿಗೆ ತಿಳಿಸಿದ್ದು ಸೆಪ್ಟೆಂಬರ್ 7ರಂದು. ಮರುದಿನವೇ ಷೇರಿನ ಬೆಲೆ ಶೇ 13ಕ್ಕೂ ಹೆಚ್ಚು ಕುಸಿಯಿತು, ಮುಂದಿನ ವಾರದೊಳಗೆ ಮೂರರಲ್ಲೊಂದು ಪಾಲು ಕರಗಿತು. ಜುಲೈ 30ರಿಂದ ಸೆಪ್ಟೆಂಬರ್ 7ರವರೆಗಿನ ಐದೂವರೆ ವಾರ ಒಳಗಿನವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಆ ಅವಧಿಯಲ್ಲಿ ಕಂಪನಿಯ ಒಂದು ವಿಭಾಗದ ತಂತ್ರಜ್ಞಾನ ಮುಖ್ಯಸ್ಥನಿಗೆ ಒಳಗೇನೋ ನಡೆದಿದೆಯೆಂಬ ಸುಳಿವು ಸಿಕ್ಕಿತು. ಪ್ರತಿಸ್ಪರ್ಧಿ ಎಕ್ಸ್‌ಪೀರಿಯನ್ ಕಂಪನಿಯಲ್ಲಿ 2015ರಲ್ಲಿ ಹೀಗೇ ಆದಾಗ ಅದರ ಷೇರಿಗೆ ಏನಾಯಿತೆಂದು ಅವನು ಅಂತರಜಾಲದಲ್ಲಿ ಹುಡುಕಿದ. ಬಳಿಕ ತನ್ನ ಪಾಲಿನ ಷೇರುಗಳನ್ನು ಮಾರಿ ಸುಮಾರು 9.5 ಲಕ್ಷ ಡಾಲರ್ ಪಡೆದ. 2019ರಲ್ಲಿ ಅವನಿಗೆ ನಾಲ್ಕು ತಿಂಗಳ ಜೈಲು ಶಿಕ್ಷೆಯಾಯಿತು. ಅವನಿಂದ ಆ ಷೇರು ಕೊಂಡವರು ಯಾರೋ ಇದ್ದರಲ್ಲ, ಅವರ ಪರವಾಗಿಯೇ ಪ್ರಕಟಣೆಯ ಕಾನೂನುಗಳು ಹುಟ್ಟಿರುವುದು.

ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ 2023ರ ಜುಲೈ 26ರಂದು ಇದಕ್ಕೊಂದು ಗಡುವು ಹಾಕಿತು. ಸೈಬರ್ ಘಟನೆಯೊಂದು ‘ಗಣನೀಯ’ವೆಂದು ಕಂಪನಿ ತೀರ್ಮಾನಿಸಿದ ಮೇಲೆ ನಾಲ್ಕು ಕೆಲಸದ ದಿನಗಳಲ್ಲಿ ಬಹಿರಂಗಪಡಿಸಬೇಕು. ದೇಶದ ಭದ್ರತೆಗೋ ಸಾರ್ವಜನಿಕ ಸುರಕ್ಷತೆಗೋ ಧಕ್ಕೆಯಾಗುತ್ತದೆಂದು ಅಟಾರ್ನಿ ಜನರಲ್ ಹೇಳಿದರೆ ಮಾತ್ರ ತಡಮಾಡಬಹುದು. ಗಡುವು ಶುರುವಾಗುವುದು ಘಟನೆ ಕಣ್ಣಿಗೆ ಬಿದ್ದ ದಿನದಿಂದಲ್ಲ, ಗಣನೀಯವೆಂದು ತೀರ್ಮಾನಿಸಿದ ದಿನದಿಂದ. ಹಾಗೆಂದು ಕಾರಣವಿಲ್ಲದೆ ತೀರ್ಮಾನವನ್ನು ಎಳೆಯುವಂತಿಲ್ಲ. ಯಾವುದು ಗಣನೀಯ? ಅಮೆರಿಕದ ಸುಪ್ರೀಂ ಕೋರ್ಟು 1976ರಲ್ಲೇ ಅಳತೆಗೋಲು ಕೊಟ್ಟಿದೆ: ವಿವೇಕವುಳ್ಳ ಷೇರುದಾರನೊಬ್ಬ ತನ್ನ ನಿರ್ಧಾರಕ್ಕೆ ಮುಖ್ಯವೆಂದು ಬಗೆಯುವ ಬಲವಾದ ಸಾಧ್ಯತೆಯಿದ್ದರೆ ಅದು ಗಣನೀಯ. ಇದರ ಜೊತೆಗೆ ಪ್ರತಿವರ್ಷದ ವರದಿಯಲ್ಲಿ ಕಂಪನಿ ಸೈಬರ್ ಅಪಾಯವನ್ನು ಗುರುತಿಸುವ ಕ್ರಮವೇನು, ಮಂಡಳಿಯ ಯಾವ ಸಮಿತಿ ನಿಗಾ ಇಡುತ್ತದೆ, ಸುದ್ದಿ ಅದಕ್ಕೆ ಯಾವ ದಾರಿಯಲ್ಲಿ ತಲುಪುತ್ತದೆ, ನಿರ್ವಹಿಸುವ ಅಧಿಕಾರಿಗಳಿಗೆ ಏನು ಪರಿಣತಿಯಿದೆ ಎಂದೂ ಬರೆಯಬೇಕು. ನಿರ್ದೇಶಕರಲ್ಲಿ ಸೈಬರ್ ಪರಿಣತರು ಯಾರೆಂದು ಹೇಳಬೇಕೆಂಬ ನಿಯಮ ಕರಡಿನಲ್ಲಿತ್ತು, ಕೊನೆಗೆ ಕೈಬಿಟ್ಟರು. ಅದು ಸರಿಯಾಯಿತೆಂದೇ ನನ್ನ ಅಭಿಪ್ರಾಯ. ಪರಿಣತ ಒಬ್ಬರಿದ್ದರೆ ಉಳಿದವರು ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ.

ಈ ಕಾನೂನು ಕನ್ನ ಹಾಕುವವರಿಗೂ ಒಂದು ಆಯುಧವಾಯಿತು. 2023ರ ನವೆಂಬರ್‌ನಲ್ಲಿ ಆಲ್ಫ್‌ವಿ ಎಂಬ ಸುಲಿಗೆ ಗುಂಪು ಮೆರಿಡಿಯನ್‌ಲಿಂಕ್ ಎಂಬ ಕಂಪನಿಗೆ ಕನ್ನ ಹಾಕಿ, ದುಡ್ಡು ಬರದಿದ್ದಾಗ, ‘ಇವರು ಷೇರುದಾರರಿಗೆ ತಿಳಿಸಿಲ್ಲ’ ಎಂದು ತಾನೇ ಎಸ್‌ಇಸಿಗೆ ದೂರು ಸಲ್ಲಿಸಿತು. ನಿಯಮ ಜಾರಿಗೆ ಬರಲು ಆಗ ಇನ್ನೂ ಒಂದು ತಿಂಗಳಿತ್ತು.

ಷೇರುದಾರನ ಮನಸ್ಸನ್ನು ಅಳತೆಗೋಲಾಗಿ ಇಟ್ಟುಕೊಂಡ ಕಾನೂನಿನಲ್ಲಿ ಒಂದು ಕೊರತೆಯಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಈಕ್ವಿಫ್ಯಾಕ್ಸ್‌ನ ಷೇರು ಸುಮಾರು ಎರಡು ವರ್ಷಗಳಲ್ಲಿ ಹಳೆಯ ಬೆಲೆಗೆ ಮರಳಿತು. ಷೇರುದಾರರ ಮೊಕದ್ದಮೆ 14.9 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಸರ್ಕಾರಗಳೊಂದಿಗೆ 2019ರ ಜುಲೈನಲ್ಲಿ ಆದ ಒಪ್ಪಂದದಲ್ಲಿ ಕಂಪನಿ ಕನಿಷ್ಠ 57.5 ಕೋಟಿ ಡಾಲರ್ ಕೊಡಲು ಒಪ್ಪಿತು. ಕಳವಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಾದರೋ ಜೀವಮಾನದ್ದು, ಹುಟ್ಟಿದ ದಿನವನ್ನಂತೂ ಯಾರೂ ಬದಲಿಸಲಾಗದು. ಆ 14.8 ಕೋಟಿ ಜನರಲ್ಲಿ ಷೇರುದಾರರಾಗಿದ್ದವರು ಎಷ್ಟು ಮಂದಿ? ಮಾಹಿತಿ ಕಳೆದುಕೊಂಡ ಜನರಿಗಾಗುವ ಹಾನಿ ಕಂಪನಿಯ ಅಪಾಯದ ನಕ್ಷೆಗೆ ಬರುವುದು ದಂಡದ ರೂಪದಲ್ಲಿ, ಮೊಕದ್ದಮೆಯ ರೂಪದಲ್ಲಿ ಮಾತ್ರ. ದಂಡ ಸಣ್ಣದಾದರೆ ಜನರ ಹಾನಿ ಎಷ್ಟೇ ದೊಡ್ಡದಿರಲಿ, ನಕ್ಷೆಯಲ್ಲಿ ಅದು ಸಣ್ಣ ಚೌಕವೇ.

ಈಕ್ವಿಫ್ಯಾಕ್ಸ್ ಆಮೇಲೆ ಬದಲಾಯಿತು. 2018ರ ಆರಂಭದಲ್ಲಿ ಬಂದ ಹೊಸ ಭದ್ರತಾ ಮುಖ್ಯಸ್ಥ ನೇರವಾಗಿ ಕಂಪನಿಯ ಮುಖ್ಯಸ್ಥರಿಗೇ ವರದಿ ಮಾಡತೊಡಗಿದರು. ನೌಕರರ ವಾರ್ಷಿಕ ಬೋನಸ್ಸಿಗೆ ಭದ್ರತೆಯ ಅಳತೆಯೊಂದನ್ನು ಸೇರಿಸಿದರು. ಭದ್ರತೆ ಚೆನ್ನಾಗಿದ್ದರೆ ಬೋನಸ್ ಹೆಚ್ಚುವುದಿಲ್ಲ, ಕೆಟ್ಟಿದ್ದರೆ ಕಡಿಮೆಯಾಗುತ್ತದೆ. ನನಗೆ ಇದು ಬಹಳ ಯೋಚಿಸಿ ಮಾಡಿದ ಏರ್ಪಾಡೆನಿಸುತ್ತದೆ. ಪ್ಯಾಚ್ ಹಾಕುವುದು ಇನ್ನು ಭದ್ರತಾ ತಂಡವೊಂದರ ತಲೆನೋವಾಗಿ ಉಳಿಯುವುದಿಲ್ಲ. ಯಂತ್ರ ಯಾರ ಕೈಯಲ್ಲಿದೆಯೋ ಅವರ ಸಂಬಳಕ್ಕೇ ಅದು ತಗಲುತ್ತದೆ.

ಕರ್ನಾಟಕದ ಓದುಗರಿಗೆ ಈ ವಿಷಯ ದೂರದ್ದಲ್ಲ. ಅದೇ ಅಟ್ಲಾಂಟಾ ನಗರದಲ್ಲಿ ಮೆಕಾಮಿಷ್ ಸಿಸ್ಟಮ್ಸ್ ಎಂಬ ಕಂಪನಿಯಿದೆ. ವಿಮೆ ಮತ್ತು ನಿವೃತ್ತಿ ಯೋಜನೆಗಳ ಲೆಕ್ಕ ನೋಡಿಕೊಳ್ಳುವುದು ಅದರ ಕೆಲಸ. 2009ರಲ್ಲಿ ಅದನ್ನು ಕೊಂಡದ್ದು ಬೆಂಗಳೂರಿನ ಇನ್ಫೋಸಿಸ್‌ನ ಅಂಗಸಂಸ್ಥೆ. 2023ರ ನವೆಂಬರ್‌ನಲ್ಲಿ ಮೆಕಾಮಿಷ್ ಮೇಲೆ ಸೈಬರ್ ದಾಳಿಯಾಯಿತು, ಲಾಕ್‌ಬಿಟ್ ಎಂಬ ಸುಲಿಗೆ ಗುಂಪು ತಾನೇ ಮಾಡಿದ್ದೆಂದು ಹೇಳಿಕೊಂಡಿತು. ಇನ್ಫೋಸಿಸ್ ತಡಮಾಡದೆ ಷೇರುಪೇಟೆಗೆ ತಿಳಿಸಿತು. ಯಾರ ಯಾರ ಮಾಹಿತಿ ಹೋಗಿದೆಯೆಂದು ಲೆಕ್ಕಹಾಕುವುದಕ್ಕೆ ತಿಂಗಳುಗಳೇ ಹಿಡಿದವು. ಕೊನೆಗೆ ಸಂಖ್ಯೆ 60 ಲಕ್ಷ ದಾಟಿತು. ಅದರಲ್ಲಿ ಬ್ಯಾಂಕ್ ಆಫ್ ಅಮೆರಿಕದ ಸುಮಾರು 57,000 ಗ್ರಾಹಕರೂ ಇದ್ದರು. ಅವರು ದುಡ್ಡಿಟ್ಟದ್ದು ಬ್ಯಾಂಕಿನಲ್ಲಿ, ಲೆಕ್ಕ ಬರೆಯುತ್ತಿದ್ದದ್ದು ಮೆಕಾಮಿಷ್, ಅದರ ಒಡೆತನದ ಸರಪಳಿ ಕೊನೆಯಾಗುವುದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಮಾರ್ಚ್‌ನಲ್ಲಿ ಮೆಕಾಮಿಷ್ 1.75 ಕೋಟಿ ಡಾಲರ್ ಕೊಟ್ಟು ಮೊಕದ್ದಮೆಗಳನ್ನು ಇತ್ಯರ್ಥ ಮಾಡಿಕೊಳ್ಳಲು ಒಪ್ಪಿತು. ಬ್ಯಾಂಕಿನ ಮಂಡಳಿ ತನ್ನ ಯಂತ್ರಗಳ ಪಟ್ಟಿಯನ್ನು ಎಷ್ಟೇ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದರೂ ಮೆಕಾಮಿಷ್‌ನ ಯಂತ್ರಗಳು ಅದರಲ್ಲಿ ಬರುವುದಿಲ್ಲ.

ಇನ್ಫೋಸಿಸ್‌ನ ಷೇರು ನ್ಯೂಯಾರ್ಕಿನಲ್ಲೂ ನಡೆಯುವುದರಿಂದ ಅದು ಎಸ್‌ಇಸಿಗೆ ಸಲ್ಲಿಸುವ ವಾರ್ಷಿಕ ವರದಿಯಲ್ಲಿ ಸೈಬರ್ ನಿಗಾದ ವಿವರ ಕೊಡಬೇಕು. ಭಾರತದ ನಿಯಮಗಳು ಬೇರೆ ಬೇರೆ ಕಡೆ ಹಂಚಿಕೊಂಡಿವೆ. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲ್ ನಿರ್ದೇಶನ ಹೇಳುತ್ತದೆ. ಅದು ಸರ್ಕಾರಕ್ಕೆ ಹೋಗುವ ಸುದ್ದಿ, ಸಾರ್ವಜನಿಕರಿಗಲ್ಲ. ಸೆಬಿಯ ನಿಯಮದಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳಿಗೆ ಅಪಾಯ ನಿರ್ವಹಣಾ ಸಮಿತಿ ಕಡ್ಡಾಯ, ಸೈಬರ್ ಭದ್ರತೆ ಅದರ ವ್ಯಾಪ್ತಿಗೆ ಬರಲೇಬೇಕು. 2023ರ ತಿದ್ದುಪಡಿಯ ನಂತರ ಸೈಬರ್ ಘಟನೆ, ಮಾಹಿತಿ ಸೋರಿಕೆಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಡಳಿತ ವರದಿಯ ಜೊತೆಗೆ ಕೊಡಬೇಕಾಗಿದೆ. ಈ ವರದಿಗಳು ಷೇರುಪೇಟೆಗಳ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತವೆ. ಒಂದೆರಡು ಷೇರು ಇಟ್ಟುಕೊಂಡವರಿಗೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಡಿವಿಡೆಂಡ್ ಎಷ್ಟು, ಬೋನಸ್ ಷೇರು ಯಾವಾಗ ಎಂದು ಕೇಳುವ ಹೊತ್ತಿನಲ್ಲೇ, ಹೋದ ಆಡಿಟ್‌ನಲ್ಲಿ ಕಂಡ ಲೋಪಗಳು ಸರಿಯಾದವೇ ಎಂದು ಮತ್ತೊಮ್ಮೆ ಹೋಗಿ ನೋಡಿದವರು ಯಾರು ಎಂದೂ ಕೇಳಬಹುದು.